ಗಂಟೆ ಬಾರಿಸದ ಚೌಕ

ನನ್ನ ಅತ್ತಿಗೆಯದು ಗಾಬರಿಯ ಜೀವ. ಮದುವೆಯಾದ ಹೊಸದರಲ್ಲೇ ಅಣ್ಣ ಅವಳಿಗೆ ಪುಕ್ಕಲಿ ಎಂದು ಹೆಸರಿಟ್ಟ. ಮನೆಯಲ್ಲಿ ಅದೇ ಬಳಕೆಗೆ ಬಂದುಬಿಟ್ಟಿತು. ನಮ್ಮಿಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಹಾಗಾಗಿ ನನ್ನದು ಏಕವಚನ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಎಳೆದು ನೋಡುವವಳು ಅವಳು. ಯಾರಾದರೂ ಫೋನ್ ಎತ್ತದಿದ್ದರೆ ಅಪಘಾತವೇ ಆಗಿದೆ ಎಂದು ತೀರ್ಮಾನಿಸುವವಳು. ಅಮ್ಮನಿಗಂತೂ ಇದರಿಂದ ತಲೆ ಕೆಟ್ಟುಹೋಗುತ್ತಿತ್ತು. ಇವಳ ಜೊತೆ ಹೊರಡುವ ಬದಲು ಮನೆಯಲ್ಲೇ ಬಿದ್ದಿರುವುದು ವಾಸಿ ಎಂದು ಸೊಸೆಯ ಎದುರಿಗೇ ಅನ್ನುತ್ತಿದ್ದಳು. ಅತ್ತಿಗೆ ನಗುತ್ತಿದ್ದಳೇ ಹೊರತು ಬೀಗ ಎಳೆಯುವುದನ್ನು ಬಿಡಲಿಲ್ಲ.

ಅವಳ ಕೆಲಸ ಒಂದು ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ. ನೆಲಮಾಳಿಗೆ, ಕಿಟಕಿಯಿಲ್ಲ, ಎಸಿಯ ಚಳಿಗೆ ಶಾಲು ಹೊದ್ದು ಕೂರಬೇಕು. ವಾರ್ಡುಗಳಲ್ಲಿ ನರ್ಸುಗಳ ಮೇಜಿನ ಮೇಲಿರುವ ಪರದೆಯ ಪುಟಗಳೆಲ್ಲ ಅವಳ ಕೈಯಲ್ಲೇ ತಯಾರಾಗುತ್ತಿದ್ದವು. ಪುಟದಲ್ಲಿ ಒಂದೊಂದು ಹಾಸಿಗೆಗೂ ಒಂದೊಂದು ಚೌಕ. ಅದರಲ್ಲಿ ರೋಗಿಯ ಹೆಸರು, ಔಷಧಿ, ಕೊಡಬೇಕಾದ ಹೊತ್ತು. ಚೌಕದ ಜೊತೆಗೇ ಕಣ್ಣಿಗೆ ಕಾಣದ ಒಂದು ಪುಟ್ಟ ಸ್ಕ್ರಿಪ್ಟ್ ಬರುತ್ತಿತ್ತು. ಹೊತ್ತಾದ ಕೂಡಲೇ ಗಂಟೆ ಬಾರಿಸುವುದು ಅದರ ಕೆಲಸ. ನರ್ಸುಗಳು ಗಡಿಯಾರ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ಅವರ ಕಿವಿಯೆಲ್ಲ ಆ ಗಂಟೆಯ ಮೇಲೆ.

ಹಳೆಯ ಪುಟ ನಿಮಿಷಕ್ಕೊಮ್ಮೆ ಪೂರ್ತಿ ಅಳಿಸಿಹೋಗಿ ಹೊಸದಾಗಿ ಬರುತ್ತಿತ್ತು. ಏನೋ ಓದುತ್ತಿರುವಾಗಲೇ ಪರದೆ ಬಿಳಿಯಾಗಿಬಿಡುತ್ತದೆ ಎಂದು ಹಿರಿಯ ನರ್ಸ್ ದೂರುತ್ತಲೇ ಇದ್ದಳು. ಬದಲಾದ ಚೌಕ ಮಾತ್ರ ಬದಲಾಗಲಿ, ಉಳಿದದ್ದು ಅಲುಗಾಡಬಾರದು ಎಂದು ಮೇಲಿನವರಿಂದ ಅಪ್ಪಣೆಯಾಯಿತು. ಅತ್ತಿಗೆ ಹಾಗೇ ಮಾಡಿದಳು. ಹೊಸ ಚೌಕದ ಎಚ್‌ಟಿಎಂಎಲ್ ಅನ್ನು, ಎಂದರೆ ಸ್ಕ್ರಿಪ್ಟ್ ಸಮೇತ ಅದರ ಬರಹವನ್ನು, ಸರ್ವರಿನಿಂದ ತರಿಸಿ, ಇನ್ನರ್‌ಎಚ್‌ಟಿಎಂಎಲ್ ಎಂಬ ದಾರಿಯಿಂದ ಹಳೆಯದರ ಜಾಗಕ್ಕೆ ತುಂಬುವ ಏರ್ಪಾಡು. ಹಳೆಯ ಗಂಟೆ ತಪ್ಪು ಹೊತ್ತಿಗೆ ಬಾರಿಸಬಾರದೆಂದು ಅದನ್ನು ರದ್ದು ಮಾಡುವ ಸಾಲನ್ನೂ ಮರೆಯದೆ ಬರೆದಳು. ಪುಟ ತೆರೆದಳು, ಗಂಟೆಗಳು ಹೊತ್ತಿಗೆ ಸರಿಯಾಗಿ ಬಾರಿಸಿದವು. ಒಂದು ಔಷಧಿ ಬದಲಿಸಿದಳು, ಚೌಕದಲ್ಲಿ ಅಕ್ಷರ ಥಟ್ಟನೆ ಬದಲಾಯಿತು. ತಪ್ಪಿದ್ದರೆ ಕಾಣಿಸಬೇಕಾದ ಕೆಂಪು ಸಾಲು ಎಲ್ಲೂ ಇರಲಿಲ್ಲ. ಬದಲಾದ ಚೌಕದ ಗಂಟೆ ಬಾರಿಸುತ್ತದೆಯೇ ಎಂದು ಮಾತ್ರ ಅವಳು ಕಾಯಲಿಲ್ಲ. ಎಲ್ಲವನ್ನೂ ಎರಡೆರಡು ಸಲ ನೋಡುವವಳು ಅದೊಂದನ್ನು ಒಂದು ಸಲವೂ ನೋಡಲಿಲ್ಲ.

ಆಗ ಅಮ್ಮ ಅದೇ ಆಸ್ಪತ್ರೆಯಲ್ಲಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ಒಳಗೆ ಹೆಪ್ಪುಗಟ್ಟಿದ ರಕ್ತ ತೆಗೆದಿದ್ದರು. ಆಮೇಲೆ ಫಿಟ್ಸ್ ಶುರುವಾಯಿತು. ಔಷಧಿ ಹೊತ್ತಿಗೆ ಸರಿಯಾಗಿ ಹೋಗಲೇಬೇಕು, ಇನ್ನೊಂದು ದೊಡ್ಡ ಫಿಟ್ಸ್ ಬಂದರೆ ಈ ವಯಸ್ಸಿಗೆ ತಡೆಯುವುದಿಲ್ಲ ಎಂದು ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದ್ದರು. ಅಂದಿನಿಂದ ನನ್ನ ಜೀವ ಬಾಯಿಗೆ ಬಂದಿತ್ತು. ಅತ್ತಿಗೆಯದಂತೂ ಕೇಳುವುದೇ ಬೇಡ.

ಹೊಸ ಪುಟವನ್ನು ವಾರ್ಡಿಗೆ ಹಾಕಿದ ಮರುದಿನ ಊಟದ ಬಿಡುವಿನಲ್ಲಿ ಅತ್ತಿಗೆ ಮೇಲೆ ಬಂದಳು. ಅಂದು ಬೆಳಿಗ್ಗೆ ಡಾಕ್ಟರು ಅಮ್ಮನ ಔಷಧಿಯ ಹೊತ್ತನ್ನು ಸ್ವಲ್ಪ ಮುಂಚೆಗೆ ತಂದಿದ್ದರು. ವಾರ್ಡು ಇವತ್ತು ಎಷ್ಟು ತಣ್ಣಗಿದೆ, ನಿಮ್ಮ ಪುಟದಿಂದ ತಲೆನೋವೇ ಹೋಯಿತು ಎಂದು ಹಿರಿಯ ನರ್ಸ್ ದಾರಿಯಲ್ಲೇ ಅವಳನ್ನು ಹೊಗಳಿದ್ದಳಂತೆ. ಅತ್ತಿಗೆಯ ಮುಖ ಅರಳಿತ್ತು. ಅಮ್ಮನ ಪಕ್ಕ ಕೂತು ಕಿತ್ತಳೆ ಸುಲಿಯತೊಡಗಿದಳು. ಅವಳನ್ನು ಅಷ್ಟು ನಿರಾಳವಾಗಿ ನಾನು ನೋಡಿದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

"ಗಂಟೆ ಯಾಕೆ ಕೇಳಿಸ್ತಿಲ್ಲ?" ಎಂದಳು.

ಹೊಗಳಿದರೂ ಗಾಬರಿಯಾಗುವ ಏಕೈಕ ಪ್ರಾಣಿ ನೀನು, ಸುಮ್ಮನೆ ಹಣ್ಣು ತಿನ್ನು ಎಂದೆ. ಅವಳು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅಮ್ಮನ ಕೈ ಹಿಡಿದಳು. ಎಡಗೈಯ ಬೆರಳುಗಳು ಸಣ್ಣಗೆ ಅದುರುತ್ತಿದ್ದವು. ಅಮ್ಮ ಕಣ್ಣು ಬಿಟ್ಟುಕೊಂಡಿದ್ದರೂ ಕರೆದರೆ ಓಗೊಡಲಿಲ್ಲ. ಅತ್ತಿಗೆ ಕಿತ್ತಳೆಯನ್ನು ನೆಲಕ್ಕೆ ಬಿಟ್ಟು ನರ್ಸುಗಳ ಮೇಜಿನ ಕಡೆ ಓಡಿದಳು.

ಪರದೆಯ ಮೇಲೆ ಅಮ್ಮನ ಚೌಕ ಅಚ್ಚುಕಟ್ಟಾಗಿತ್ತು. ಹೆಸರು ಸರಿ, ಔಷಧಿ ಸರಿ, ಬೆಳಿಗ್ಗೆ ಬದಲಿಸಿದ ಹೊತ್ತೂ ಸರಿ. ಆ ಹೊತ್ತು ಮೀರಿಹೋಗಿತ್ತು, ಗಂಟೆ ಬಾರಿಸಿರಲಿಲ್ಲ. ಒಬ್ಬ ನರ್ಸ್ ಸಿರಿಂಜ್ ಹಿಡಿದು ಅಮ್ಮನ ಬಳಿ ಓಡಿಬಂದಳು. ಅತ್ತಿಗೆ ಅಲ್ಲೇ ನಿಂತು ಪುಟವನ್ನು ಪೂರ್ತಿ ಹೊಸದಾಗಿ ತೆರೆದಳು. ಒಂದಲ್ಲ, ಹೊತ್ತು ಮೀರಿದ ಮೂರು ಗಂಟೆಗಳು ಒಟ್ಟಿಗೆ ಬಾರಿಸತೊಡಗಿದವು. ಅಮ್ಮನದಲ್ಲದೆ ಇನ್ನೆರಡು ಹಾಸಿಗೆಯವು.

"ತಪ್ಪು ನನ್ನದು ಸಿಸ್ಟರ್. ಆ ಎರಡು ಬೆಡ್‌ನೂ ಈಗಲೇ ನೋಡಿ," ಎಂದಳು ಅತ್ತಿಗೆ. ಅವಳ ಮಾತು ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಅಮ್ಮನ ಇಡೀ ಮೈ ಸೆಟೆದುಕೊಂಡಿತು. ಹಾಸಿಗೆಯ ಸುತ್ತಲಿನ ಬಟ್ಟೆಯ ಪರದೆ ಎಳೆದು ನನ್ನನ್ನು ಹೊರಗೆ ಕಳಿಸಿದರು. ಹೊರಗಿನ ಬೆಂಚಿನಲ್ಲಿ ಕೂತು ನಾನು ಯಾರನ್ನು ಬೈದೆ, ಯಾರನ್ನು ಬೇಡಿಕೊಂಡೆ, ಒಂದೂ ನೆನಪಿಲ್ಲ. ಡಾಕ್ಟರು ಬಂದು, ಫಿಟ್ಸ್ ನಿಂತಿದೆ, ಇನ್ನು ಭಯವಿಲ್ಲ ಎಂದ ಮೇಲೆ ನೋಡಿಕೊಂಡರೆ ನನ್ನ ಉಗುರುಗಳೆಲ್ಲ ಅಂಗೈಗೆ ಊರಿದ್ದವು. ಉಳಿದ ಇಬ್ಬರಿಗೂ ಏನೂ ಆಗಲಿಲ್ಲ.

ಕಾರಣವನ್ನು ಅತ್ತಿಗೆ ಆಮೇಲೆ ನನಗೆ ಬಿಡಿಸಿ ಹೇಳಿದಳು. ಬ್ರೌಸರು ಪುಟವನ್ನು ಮೊದಲಿನಿಂದ ಓದಿಕೊಂಡು ಬರುವಾಗ ಸ್ಕ್ರಿಪ್ಟ್ ಸಿಕ್ಕರೆ ಅದು ಹೇಳಿದ್ದನ್ನು ಮಾಡುತ್ತದೆ. ಆದರೆ ಅದೇ ಸ್ಕ್ರಿಪ್ಟನ್ನು ಆಮೇಲೆ ಇನ್ನರ್‌ಎಚ್‌ಟಿಎಂಎಲ್ ದಾರಿಯಿಂದ ಒಳಗೆ ತುಂಬಿದರೆ, ಅದನ್ನು ಅದರ ಜಾಗದಲ್ಲಿ ಮರ್ಯಾದೆಯಾಗಿ ಕೂರಿಸುತ್ತದೆ, ನಡೆಸುವುದಿಲ್ಲ. ನಡೆಸಲಿಲ್ಲ ಎಂದು ಹೇಳುವುದೂ ಇಲ್ಲ. ಬ್ರೌಸರು ಕೆಟ್ಟಿದ್ದರಿಂದ ಹೀಗಾದದ್ದಲ್ಲ, ಅದಕ್ಕೆ ಇರುವ ನಿಯಮವೇ ಹಾಗೆ. ನನಗೆ ಸಿಟ್ಟು ಬಂತು. ಒಲ್ಲೆ ಅನ್ನುವವರು ಬಾಯಿಬಿಟ್ಟು ಒಲ್ಲೆ ಅನ್ನಬಾರದೇ?

ಜೊತೆಯ ಕೆಲಸದವನು ಸುಲಭದ ದಾರಿಯೊಂದನ್ನು ತೋರಿಸಿದ್ದನಂತೆ. ಚೌಕದೊಳಗೆ ಇಲ್ಲದ ಚಿತ್ರವೊಂದನ್ನು ಕರೆಯುವುದು, ಚಿತ್ರ ಸಿಗದಿದ್ದರೆ ಗಂಟೆಯನ್ನು ಹೊತ್ತಿಗೆ ಹೊಂದಿಸು ಎಂದು ಅದರಲ್ಲೇ ಬರೆಯುವುದು. ಇನ್ನರ್‌ಎಚ್‌ಟಿಎಂಎಲ್ ದಾರಿಯಿಂದ ಬಂದರೂ ಬ್ರೌಸರು ಅಂಥದ್ದನ್ನು ನಡೆಸುತ್ತದೆ. ಹಾಗಾದರೆ ಈ ನಿಯಮವನ್ನು ಕಾವಲು ಎಂದು ನಂಬಿ ಕೂರುವಂತೆಯೂ ಇಲ್ಲ, ಯಾರು ಬೇಕಾದರೂ ತಮ್ಮ ಸ್ಕ್ರಿಪ್ಟನ್ನು ಒಳಗೆ ನುಸುಳಿಸಬಹುದು ಎಂದು ಅವಳಿಗೆ ಹೊಸ ಗಾಬರಿ ಹಿಡಿಯಿತು. ಆ ಸುಲಭದ ದಾರಿ ಬೇಡವೆಂದಳು. ಚೌಕಗಳಿಂದ ಸ್ಕ್ರಿಪ್ಟನ್ನೇ ತೆಗೆದುಹಾಕಿ, ಗಂಟೆಯ ಹೊಣೆಯನ್ನೆಲ್ಲ ಮೂಲ ಪುಟಕ್ಕೆ ಒಪ್ಪಿಸಿದಳು. ಈ ಸಲ ಚೌಕ ಬದಲಿಸಿ, ಗಂಟೆ ಬಾರಿಸುವವರೆಗೂ ಪರದೆಯ ಮುಂದಿನಿಂದ ಏಳಲಿಲ್ಲ.

ಅಣ್ಣ ಅವಳಿಗೆ ಸುಮ್ಮನಿರಲು ಹೇಳಿದ, ನಮ್ಮಮ್ಮನಿಗೆ ಆದದ್ದನ್ನು ನಾವೇ ಕೇಳುತ್ತಿಲ್ಲ, ನೀನೇಕೆ ಮೈಮೇಲೆ ಎಳೆದುಕೊಳ್ಳುತ್ತೀ ಎಂದು. ಇನ್ನಿಬ್ಬರ ಮನೆಯವರೂ ಇದ್ದಾರಲ್ಲ ಎಂದು ಅತ್ತಿಗೆ ಮೇಲಿನವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಕೆಲಸ ಹೋಗಲಿಲ್ಲ, ಆದರೆ ವಾರ್ಡಿನ ಪುಟಗಳನ್ನು ಅವಳ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟರು.

ಅಮ್ಮ ಮನೆಗೆ ಬಂದಳು. ಅತ್ತಿಗೆ ಅಡುಗೆ ಮಾಡಿದಳು, ಹಾಸಿಗೆ ಬದಲಿಸಿದಳು, ಅಮ್ಮನಿಗೆ ಸ್ನಾನ ಮಾಡಿಸಿದಳು, ಮಾತ್ರೆಯನ್ನು ಮಾತ್ರ ಮುಟ್ಟಲಿಲ್ಲ. ಹೊತ್ತಾದಾಗ ನನ್ನನ್ನು ಕರೆದು ತಾನು ಅಡುಗೆಮನೆಗೆ ಸರಿದುಬಿಡುತ್ತಿದ್ದಳು. ಒಂದು ದಿನ ನಾನು ಮಾತ್ರೆ, ನೀರು ಹಿಡಿದು ನಿಂತರೆ ಅಮ್ಮ ಬಾಯಿ ತೆರೆಯಲಿಲ್ಲ.

"ನಿನ್ನ ಕೈಲಿ ಬೇಡ. ಅವಳನ್ನ ಕರಿ."

ಅತ್ತಿಗೆ ಬಾಗಿಲಲ್ಲೇ ನಿಂತು ತಲೆಯಾಡಿಸಿದಳು. "ನನ್ನ ಕೈಲಿ ಬೇಡ ಅತ್ತೆ. ನನ್ನಿಂದಾನೇ ಆವತ್ತು ಹಾಗಾಯ್ತು."

"ಅದಕ್ಕೇ ಕರೀತಿರೋದು," ಎಂದಳು ಅಮ್ಮ. "ಹೊತ್ತು ತಪ್ಪಿದ್ರೆ ಏನಾಗುತ್ತೆ ಅಂತ ಈ ಮನೇಲಿ ನಿನ್ನಷ್ಟು ಗೊತ್ತಿರೋರು ಯಾರೂ ಇಲ್ಲ."

ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು. ನಾನು ಮಾತ್ರೆಯನ್ನು ಅವಳ ಅಂಗೈಗೆ ಹಾಕಿದೆ.