ಎಂಟು ಸಣ್ಣ ಲೋಟ

2023ರ ಜುಲೈ ತಿಂಗಳ ಮೊದಲ ರವಿವಾರ, ಬೆಳಗಿನ ಆರಾಧನೆ ಮುಗಿದ ಮೇಲೆ, ನಾನು ನಮ್ಮ ಮನೆಯ ಸಭಾ ಪುಸ್ತಕವನ್ನು ಪಾಸ್ಟರ್ ಮೇಜಿನ ಮೇಲಿಟ್ಟು ಹೊರಬಂದೆ. ಹೆಂಡತಿ ಹೊರಗೆ ಗೇಟಿನ ಬಳಿ ಕಾಯುತ್ತಿದ್ದಳು. ಆಗ ನನಗೆ ಐವತ್ತೆರಡು, ಅವಳಿಗೆ ನಲವತ್ತೊಂಬತ್ತು.

ಸಭಾ ಪುಸ್ತಕ ಎಂದರೆ ರೇಶನ್ ಕಾರ್ಡಿನಷ್ಟು ಅಗಲದ, ನೀಲಿ ರಟ್ಟಿನ ಪುಸ್ತಕ. ನಮ್ಮ ಚರ್ಚಿನಲ್ಲಿ ಮನೆಗೊಂದು ಇರುತ್ತದೆ. ಯಜಮಾನನ ಹೆಸರು ಮೇಲೆ, ಉಳಿದವರದು ಕೆಳಗೆ. ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಅದರಲ್ಲೇ ದಾಖಲಾಗುತ್ತವೆ. ಪುಸ್ತಕದಲ್ಲಿ ಹೆಸರಿದ್ದವರಿಗೆ ಕರ್ತನ ಭೋಜನ. ಸತ್ತರೆ ಚರ್ಚಿನ ಸ್ಮಶಾನದಲ್ಲಿ ಜಾಗ. ಅಪ್ಪ ತೀರಿದ ಮೇಲೆ ಪುಸ್ತಕ ನನ್ನ ಹೆಸರಿಗೆ ಆಗಿತ್ತು. ಎರಡನೆಯ ಸಾಲಿನಲ್ಲಿ ಅವ್ವನ ಹೆಸರಿತ್ತು. ಮೇಜಿನ ಮೇಲೆ ಇಡುವಾಗ ನಾನದನ್ನು ತೆರೆದು ನೋಡಲಿಲ್ಲ.

ಇಪ್ಪತ್ತೇಳು ವರ್ಷ ಕುಂದಗೋಳ ತಾಲ್ಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸಿದವನು ನಾನು. ಹೆಸರು ಎರಡು ಸಲ ನೋಡದೆ ಒಂದು ಸಾಲನ್ನೂ ಕಳಿಸಬಾರದು ಎಂದು ಹೊಸಬರಿಗೆ ಹೇಳುತ್ತಿದ್ದೆ.

ಕಾರಣ ಲೋಟಗಳು. ಭೋಜನದ ದಿನ ದ್ರಾಕ್ಷಿರಸ ತುಂಬಿದ ಒಂದೇ ಬೆಳ್ಳಿ ಬಟ್ಟಲಿಗೆ ಇಡೀ ಸಭೆ ತುಟಿ ಹಚ್ಚುವುದು ನಮ್ಮ ಹಳೆಯ ರೂಢಿ. ಕೊರೊನಾ ಬಂದಾಗ ಬಟ್ಟಲು ಕಪಾಟು ಸೇರಿತು. ಹೆಬ್ಬೆರಳೆತ್ತರದ ಸ್ಟೀಲ್ ಲೋಟಗಳು ಬಂದವು, ತಲೆಗೊಂದು. ರೋಗ ಇಳಿದ ಮೇಲೆ ಬಟ್ಟಲು ಮತ್ತೆ ಹೊರಬಂತು. ಲೋಟಗಳೂ ಉಳಿದವು, ಆದರೆ ಎಂಟು ಮಾತ್ರ.

ಭೋಜನದ ಪಾತ್ರೆ ತೊಳೆಯುವ ಕೆಲಸ ಹದಿನೆಂಟು ವರ್ಷದಿಂದ ನನ್ನ ಹೆಂಡತಿಯದು. ತಿಂಗಳ ಮೊದಲ ರವಿವಾರದ ಹಿಂದಿನ ದಿನ ಹೋಗಿ, ಹುಣಸೆಹಣ್ಣು ಹಚ್ಚಿ ಬಟ್ಟಲು ಬೆಳಗಿ, ಬಿಳಿ ಬಟ್ಟೆ ಮುಚ್ಚಿ ಬರುತ್ತಿದ್ದಳು. ಎಂಟೇ ಲೋಟ ಯಾಕೆ ಎಂದು ಸಭೆಯ ಕಾರ್ಯದರ್ಶಿಯನ್ನು ಅವಳು ಕೇಳಿದಳು. ಆತ ಅಪ್ಪನ ಗೆಳೆಯ; ನಾವಿಬ್ಬರೂ ಕಾಕಾ ಎಂದೇ ಕರೆಯುತ್ತಿದ್ದೆವು.

"ಹಿಂದಿನ ಬೆಂಚಿನವ್ರಿಗೆ ಸಾಕಾಗ್ತಾವಲ್ಲವಾ" ಎಂದರಂತೆ.

ಹಿಂದಿನ ಬೆಂಚಿನಲ್ಲಿ ಕೂರುವುದು ಎರಡು ಮನೆಯವರು, ಒಟ್ಟು ಎಂಟು ಜನ. ಊರ ಹೊರಗಿನ ಕೇರಿಯವರು. ಹದಿನೈದು ವರ್ಷದ ಹಿಂದೆ ಸಭೆಗೆ ಸೇರಿದವರು. ಕೊರೊನಾಕ್ಕೆ ಮುಂಚೆ ಬಟ್ಟಲು ಅವರಿಗೆ ಕೊನೆಗೆ ಹೋಗುತ್ತಿತ್ತು. ಅದು ಬೆಂಚುಗಳ ಕ್ರಮ ಎಂದು ನಾನು ತಿಳಿದಿದ್ದೆ, ಅಥವಾ ಹಾಗೆ ತಿಳಿಯುವುದು ಅನುಕೂಲವಾಗಿತ್ತು. ಮುಂದಿನ ಬೆಂಚಿನವರೂ ಯಾವುದೋ ಕಾಲಕ್ಕೆ ಬೇರೆ ಬೇರೆ ಕೇರಿಯಿಂದ ಬಂದವರೇ. ನನ್ನ ಮುತ್ತಜ್ಜ ನೇಕಾರ. ಹಿಂದಿನ ಬೆಂಚಿನವರಿಗಿಂತ ಮೊದಲು ಬಂದೆವು ಎಂಬುದೊಂದೇ ನಮ್ಮ ಹೆಚ್ಚುಗಾರಿಕೆ.

ಜೂನ್ ತಿಂಗಳ ಭೋಜನಕ್ಕೆ ಅವಳು ಲೋಟಗಳನ್ನು ಇಡಲೇ ಇಲ್ಲ. ನನಗೂ ಹೇಳಿರಲಿಲ್ಲ. ಮುಂದಿನ ಬೆಂಚುಗಳು ಮುಗಿದು ಹಿಂದಿನವರು ಎದ್ದು ಬಂದು ಮೊಣಕಾಲೂರಿದರು. ಪಾಸ್ಟರ್ ಲೋಟಗಳ ತಟ್ಟೆಗಾಗಿ ಪಕ್ಕಕ್ಕೆ ಕೈ ಚಾಚಿದರು, ತಟ್ಟೆ ಇರಲಿಲ್ಲ. ಅವರ ಕೈಯಲ್ಲಿ ಬಟ್ಟಲು ಇತ್ತು, ಅರ್ಧ ತುಂಬಿಯೇ ಇತ್ತು. ಕಾಕಾ ಎದ್ದು, "ಒಂದ ನಿಮಿಷ ತಡೀರಿ ಪಾಸ್ಟರ್" ಎಂದು ಒಬ್ಬರನ್ನು ಕಪಾಟಿಗೆ ಅಟ್ಟಿದರು. ಬೀಗದ ಕೈ ನನ್ನ ಹೆಂಡತಿಯ ಬಳಿ ಇತ್ತು. ಅವಳು ಹೆಂಗಸರ ಸಾಲಿನಲ್ಲಿ ಕೂತು ಕೀರ್ತನೆ ಹಾಡುತ್ತಿದ್ದಳು. ಹಾಡು ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು, ಮೂರನೆಯ ಸಲವೂ ಶುರುವಾಯಿತು. ಎಂಟು ಜನ ಮೊಣಕಾಲ ಮೇಲೆಯೇ ಇದ್ದರು. ಅವರಲ್ಲಿ ಒಬ್ಬ ಮುದುಕಿ ಕಟಾಂಜನ ಹಿಡಿದು ಕಷ್ಟಪಟ್ಟು ಎದ್ದು, ಏನನ್ನೂ ಕುಡಿಯದೆ ಬೆಂಚಿಗೆ ಮರಳಿದಳು. ಉಳಿದ ಏಳು ಜನ ಅವಳ ಹಿಂದೆ ಹೋದರು. ಪಾಸ್ಟರ್ ಬಟ್ಟಲನ್ನು ಕೆಳಗಿಟ್ಟು ಆಶೀರ್ವಾದ ಹೇಳಿದರು.

ಬುಧವಾರ ಕಮಿಟಿ ಕೂಡಿತು. ನಮ್ಮನ್ನು ಕರೆಸಿದರು.

"ಕರ್ತನ ಮೇಜಿನ ಮುಂದ ನಾಟಕಾ ಮಾಡ್ತೀ ಏನವಾ?" ಎಂದರು ಕಾಕಾ.

"ನಾಟಕಾ ಮಾಡಿದಾವ್ರು ಯಾರ್ರಿ ಕಾಕಾ? ಬಟ್ಟಲಾ ಪಾಸ್ಟರ್ ಕೈಯಾಗಽ ಇತ್ತು."

"ಅವ್ರಽ ಕೇಳ್ಯಾರ ಸಣ್ಣ ಲೋಟಾ. ರೋಗದ ಅಂಜಿಕಿ ಅವ್ರಿಗೆ."

"ರೋಗದ ಅಂಜಿಕಿ ಬರೇ ಎಂಟು ಮಂದಿಗಷ್ಟಽ ಏನ್ರಿ?"

ಕಾಕಾ ನನ್ನ ಕಡೆ ತಿರುಗಿದರು. "ಲೇ ತಮ್ಮಾ, ನಿನ್ನ ಹೆಂಡ್ತಿಗೆ ಹೇಳು. ಪೇಪರಿನ್ಯಾಂವ ಅದೀ ಅಂತ ಸಭಾನೂ ಪೇಪರ್ ಮಾಡಬ್ಯಾಡ್ರಿ."

ಪಾಸ್ಟರ್ ಬೇರೆ ಜಿಲ್ಲೆಯಿಂದ ಬಂದ ಚಿಕ್ಕ ವಯಸ್ಸಿನವರು. ಅವರು ಮೇಜಿನ ಮೇಲಿನ ಬೈಬಲ್ಲನ್ನು ಸರಿ ಮಾಡಿದರು, ಮತ್ತೆ ಸರಿ ಮಾಡಿದರು.

ಒಂದೇ ಕಡೆಯ ಮಾತು ಕೇಳಿ ತೀರ್ಮಾನಿಸಬಾರದು ಎಂಬ ರೂಢಿಯಿಂದ ನಾನು ಮರುದಿನ ಆ ಕೇರಿಗೆ ಹೋದೆ. ಎರಡು ಮನೆಗಳಲ್ಲಿ ಒಂದರ ಯಜಮಾನ ಹೊರಗೆ ಕೂತು ಕುಡಗೋಲಿಗೆ ಸಾಣೆ ಹಿಡಿಯುತ್ತಿದ್ದ. ಸಣ್ಣ ಲೋಟ ನೀವೇ ಕೇಳಿದ್ದು ನಿಜವೇ ಎಂದೆ.

"ನಾವ್ಯಾಕ ಕೇಳೂಣ್ರಿ? ಕೊಟ್ಟದ್ದು ಕುಡದೇವಿ."

ನಾವು ಸಭೆ ಬಿಡುವ ವಿಚಾರದಲ್ಲಿದ್ದೇವೆ ಎಂದೆ. ಆತ ಕುಡಗೋಲು ಕೆಳಗಿಟ್ಟ.

"ಬಿಡ್ರಿ. ನಿಮ್ಗ ಬಿಟ್ಟರೂ ನಡೀತೈತಿ. ನಮ್ಮವ್ವ ಮೊಣಕಾಲ ಹಚ್ಚಿ ಕುಂತಿದ್ಲು, ನಿಮ್ಮ ಮನಿಯವ್ರು ಹಾಡ ಹಾಡಾಕತ್ತಿದ್ರು. ನಮ್ಮನ್ನ ಕೇಳಿ ಮಾಡಿದ್ರೇನ್ರಿ ಅದನ್ನ? ಹದಿನೈದು ವರ್ಷ ಕಾಣಲಿಲ್ಲ ನಿಮ್ಗ, ಈಗ ಕಂಡೈತಿ. ನಮ್ಮ ಹೆಸರ್ಲೆ ಜಗಳಾ ಮಾಡಬ್ಯಾಡ್ರಿ, ಅಷ್ಟಽ."

ಕುಳಿತುಕೊಳ್ಳಿ ಎನ್ನಲಿಲ್ಲ. ಮನೆಗೆ ಬಂದು ಹೆಂಡತಿಗೆ ಅವನ ಮಾತನ್ನು ಬಿಡದೆ ಹೇಳಿದೆ. "ಅಂವ ಅಂದದ್ದು ಖರೆ ಐತಿ" ಎಂದಳು. ಆ ಎರಡು ಮನೆಯವರು ಸಭೆ ಬಿಡಲಿಲ್ಲ. ನಾವು ಬಿಟ್ಟೆವು.

ಜುಲೈ ಭೋಜನಕ್ಕೆ ಕಾಕಾನ ಮನೆಯವರು ಎಂಟು ಲೋಟ ತೊಳೆದು ಇಟ್ಟಿದ್ದರು. ನಾನು ಮೊದಲೇ ನಿರ್ಧರಿಸಿ ಪುಸ್ತಕವನ್ನು ಅಂಗಿಯ ಜೇಬಿನಲ್ಲಿ ಒಯ್ದಿದ್ದೆ. ಅವ್ವ ಆ ದಿನ ಹೆಂಗಸರ ಸಾಲಿನಲ್ಲಿ, ತನ್ನ ಎಂದಿನ ಜಾಗದಲ್ಲಿ ಇದ್ದಳು. ಮೊಣಕಾಲು ನೋವಿನಿಂದ ಹೊರಬರಲು ತಡವಾಯಿತು. ನಾವು ಗೇಟಿನ ಬಳಿ ಸ್ಕೂಟರ್ ಹಿಡಿದು ನಿಂತಿದ್ದೆವು. ಅವಳಿಗೆ ಸುದ್ದಿ ಕೊಟ್ಟದ್ದು ಕಾಕಾ, ಎಲ್ಲರೆದುರು.

"ಅಕ್ಕಾ, ನಿನ್ನ ಮಗಾ ಪುಸ್ತಕಾ ಕೊಟ್ಟ ಹೊಂಟಾನ. ನಿನ್ನ ಹೆಸರೂ ಕೊಟ್ಟ ಹೊಂಟಾನ."

ಅವ್ವನಿಗೆ ಆಗ ಎಪ್ಪತ್ತೆಂಟು. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಅಪ್ಪನ ಸಮಾಧಿಯ ಬಾಜೂಕ್ಕೆ ಒಂದು ಸಮಾಧಿಯಷ್ಟು ಜಾಗ ಬಿಟ್ಟು, ತಲೆಯ ಕಡೆ ಒಂದು ಕಲ್ಲು ನೆಟ್ಟಿದ್ದಾರೆ. ಗಂಡನನ್ನು ಮಣ್ಣು ಮಾಡುವಾಗ ಹೆಂಡತಿಯ ಜಾಗ ಹಾಗೆ ಗುರುತಿಡುವುದು ನಮ್ಮಲ್ಲಿಯ ಪದ್ಧತಿ. ಹನ್ನೊಂದು ವರ್ಷದಿಂದ ಅವ್ವ ಪ್ರತಿ ಶನಿವಾರ ಎರಡನ್ನೂ ಗುಡಿಸಿ ಬರುತ್ತಿದ್ದಳು, ಅಪ್ಪನದನ್ನೂ ತನ್ನದನ್ನೂ.

ಅವಳು ಸ್ಕೂಟರ್ ಹತ್ತಲಿಲ್ಲ. ನಡೆದು ಬಂದಳು. ಮನೆಗೆ ಬಂದವಳು ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: "ನನ್ನ ಎಲ್ಲಿ ಹಾಕ್ತೀಯೋ?"

ಹೆಂಡತಿಯೂ ನನ್ನ ಮೇಲೆ ಸಿಟ್ಟಾದಳು. "ಸಭಾ ಬಿಡೂಣು ಅಂದೆ. ಪುಸ್ತಕಾ ಕೊಡ್ರಿ ಅಂತ ಯಾರ ಹೇಳಿದ್ರು ನಿಮ್ಗ? ಅತ್ತಿಯವ್ರನ್ನ ಒಂದ ಮಾತ ಕೇಳಿದ್ರೇನು?" ಕೇಳಿರಲಿಲ್ಲ. ಮರುದಿನ ಪುಸ್ತಕ ವಾಪಸು ಕೇಳಲು ಹೋದೆ. ಕೊಟ್ಟ ಪುಸ್ತಕ ರದ್ದಾದಂತೆ ಎಂದು ಕಾಕಾ ಹೇಳಿದರು. ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದಿದ್ದ ಪುಟ ತೋರಿಸಿದರು.

ಅಂದಿನಿಂದ ಅವ್ವ ಸೊಸೆ ಮಾಡಿದ ಅಡುಗೆ ಮುಟ್ಟಲಿಲ್ಲ. ಹಿತ್ತಲಲ್ಲಿ ಬೇರೆ ಒಲೆ ಹೂಡಿ ತನ್ನ ರೊಟ್ಟಿ ತಾನೇ ಬಡಿದುಕೊಂಡಳು. ರವಿವಾರ ನಾವಿಬ್ಬರು ಪಡಸಾಲೆಯಲ್ಲಿ ಬೈಬಲ್ ಓದಲು ಕೂತರೆ ಒಳಗಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಗಂಡಾ ಹೆಂಡ್ತಿ ಕುಂತ್ರ ಅದು ಸಭಾ ಅಲ್ಲ, ಸಂಸಾರ" ಎಂದು ಒಳಗಿನಿಂದ ಅಂದದ್ದು ಕೇಳಿಸಿತು. ಆ ಮಾತಿಗೆ ನನ್ನ ಹೆಂಡತಿ ನಕ್ಕುಬಿಟ್ಟಳು. ಆಮೇಲೆ, ಅದೂ ಖರೆ ಎಂದಳು. ಹಾಡಿಲ್ಲದೆ ಇಬ್ಬರೇ ಕೂತು ಓದುವುದು ನನಗೆ ಹಿಡಿಸಿತ್ತು. ಅವಳಿಗೆ ನಾಲ್ಕು ಜನ ಸೇರಿ ಹಾಡುವ ಹಾಡು ಬೇಕಿತ್ತು.

ಹುಬ್ಬಳ್ಳಿಯ ಒಂದು ಪ್ರಾರ್ಥನಾ ಮಂದಿರಕ್ಕೆ ಐದು ವಾರ ಹೋದೆವು. ಅಲ್ಲಿ ಬಟ್ಟಲಿನ ತಂಟೆ ಇರಲಿಲ್ಲ. ಆರನೆಯ ವಾರ, ಕೂಸಿದ್ದಾಗ ಪಡೆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ತೊಟ್ಟಿಯಲ್ಲಿ ಮುಳುಗಿ ಮತ್ತೆ ಪಡೆಯಬೇಕು ಎಂದರು. ನಮ್ಮ ಸಭೆಯವರೆಲ್ಲ ನರಕಕ್ಕೆ ಹೋಗುವವರು ಎಂದೂ ಒಬ್ಬರು ಸೇರಿಸಿದರು. ಕಾಕಾನ ಮೇಲೆ ನನಗೆ ಎಷ್ಟೇ ಕೋಪವಿದ್ದರೂ ಅವರ ಬಗ್ಗೆ ಬೇರೆಯವರು ಹಾಗೆ ಹೇಳಿದ್ದನ್ನು ಸಹಿಸಲಾಗಲಿಲ್ಲ. ಅಲ್ಲಿಗೆ ಹೋಗುವುದನ್ನೂ ಬಿಟ್ಟೆವು.

ಹೆಂಡತಿ ಕಲಿಸುತ್ತಿದ್ದ ಶಾಲೆ ಚರ್ಚಿನದೇ. ದಸರಾ ರಜೆಗೆ ಮುಂಚೆ ಅವಳು ರಾಜೀನಾಮೆ ಕೊಟ್ಟಳು. ಯಾರೂ ಬೇಡ ಎನ್ನಲಿಲ್ಲ. ಆ ವರ್ಷದ ಕೊನೆಗೆ ನಾನು ಪತ್ರಿಕೆ ಬಿಟ್ಟೆ. ಬೇರೆ ಊರುಗಳ ಗುಡಿ, ಹೋಟೆಲು, ಕೆರೆಗಳಲ್ಲಿ ಇಂಥದೇ ನಡೆದಾಗ ಬರೆದಿದ್ದೇನೆ. ನಮ್ಮ ಎಂಟು ಲೋಟದ ಬಗ್ಗೆ ಬರೆಯಲಿಲ್ಲ. ಅದಾದ ಮೇಲೆ ಬೇರೆಯವರ ಸುದ್ದಿ ಬರೆಯುವುದು ಕಷ್ಟವಾಯಿತು. ಇಬ್ಬರೂ ಸೇರಿ ಕುಂದಗೋಳದಲ್ಲಿ ತಹಶೀಲ್ದಾರ್ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಹಾಕಿದೆವು. ಅವಳು ಮಶಿನ್ ನೋಡುತ್ತಾಳೆ, ನಾನು ಜನರಿಗೆ ಅರ್ಜಿ ಬರೆದುಕೊಡುತ್ತೇನೆ.

2024ರ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಅವ್ವ ಬಸ್ಸಿನಲ್ಲಿ ಒಬ್ಬಳೇ ಬಂದು ಅಂಗಡಿಯ ಬೆಂಚಿನ ಮೇಲೆ, ಸರತಿಯಲ್ಲಿ ಕುಳಿತಳು. ಅವಳ ಪಕ್ಕದಲ್ಲಿ ಪಹಣಿ ತಿದ್ದುಪಡಿಗೆ ಬಂದಿದ್ದ ಕುಬಿಹಾಳದ ರೈತನೊಬ್ಬ ಇದ್ದ.

"ಯಾರ ಮ್ಯಾಲ ಅರ್ಜಿ ಬೇ ಅಜ್ಜಿ?" ಎಂದು ಕೇಳಿದ.

"ಬರ್ಯಾಂವನ ಮ್ಯಾಲ" ಎಂದಳು ಅವ್ವ.

ಅವನ ಕೆಲಸ ಮುಗಿಸಿ ಕಳಿಸಿದೆ. ಅವ್ವ ಎದುರಿಗೆ ಬಂದು ಕೂತಳು. ಸಭಾ ಕಮಿಟಿಗೆ ಬರೆಯಬೇಕು ಎಂದಳು.

"ನನ್ನ ಕೇಳದಽ ನನ್ನ ಮಗಾ ಪುಸ್ತಕಾ ಕೊಟ್ಟಾನ ಅಂತ ಬರಿ."

ಬರೆದೆ. ಅದು ಸತ್ಯ.

"ತಪ್ಪ ಮಾಡ್ಯಾನ ಅಂತ ಬರಿ."

ಬರೆದೆ.

"ಸೊಸಿ ಮಾತ ಕೇಳಿ ಮಾಡ್ಯಾನ ಅಂತ ಬರಿ."

"ಅದನ್ನ ಬರ್ಯೂದಿಲ್ಲವಾ. ಪುಸ್ತಕಾ ಕೊಟ್ಟದ್ದು ನಾನು. ಆಕಿಗೆ ಗೊತ್ತಿದ್ದಿಲ್ಲ."

"ಲೋಟಾ ಮುಚ್ಚಿ ಇಟ್ಟಾಕಿ ಯಾರು?"

"ಅದು ಬ್ಯಾರೆ ಅರ್ಜಿ" ಎಂದೆ.

ಹೆಂಡತಿ ಮಶಿನ್ ಪಕ್ಕದಲ್ಲಿ ಬೆನ್ನು ಮಾಡಿ ನಿಂತಿದ್ದಳು. ಅವ್ವ ಸ್ವಲ್ಪ ಹೊತ್ತು ಆ ಬೆನ್ನನ್ನೇ ನೋಡಿ, "ಇರ್ಲಿ, ಮುಂದ ಬರಿ" ಎಂದಳು. ನನ್ನೊಬ್ಬಳ ಹೆಸರಿಗೆ ಬೇರೆ ಸಭಾ ಪುಸ್ತಕ ಮಾಡಿಕೊಡಬೇಕು, ನನ್ನ ಗಂಡನ ಬಾಜೂಕ್ಕಿರುವ ಜಾಗ ನನಗೇ ಉಳಿಸಬೇಕು, ಸಭೆ ಹೇಳಿದ ಸೇವೆ ಮಾಡಲು ನಾನು ಸಿದ್ಧಳಿದ್ದೇನೆ ಎಂದು ಬರೆಸಿದಳು. ಹೆಂಡತಿ ಅರ್ಜಿ ತೆಗೆದುಕೊಂಡು ಎರಡು ಝೆರಾಕ್ಸ್ ಮಾಡಿ, ಬೆರಳು ತೋರಿಸಿ, "ಅತ್ತೀ, ಸಹಿ ಇಲ್ಲೆ ಮಾಡ್ರಿ" ಎಂದಳು. ಒಂದು ವರ್ಷದ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು. ಅವ್ವ ಸಹಿ ಮಾಡಿದಳು. ಊರಿಗೆ ಒಟ್ಟಿಗೆ ಹೋಗೂಣು ಎಂದರೆ ಕೇಳಲಿಲ್ಲ; ಬಸ್ಸಿಗೇ ಹೋದಳು.

ಎರಡು ತಿಂಗಳ ನಂತರ ಅವ್ವನ ಹೆಸರಿಗೆ ಹೊಸ ಪುಸ್ತಕ ಬಂತು. ಯಜಮಾನರ ಸಾಲಿನಲ್ಲಿ ಅವಳ ಹೆಸರಿದೆ, ಕೆಳಗಿನ ಸಾಲುಗಳು ಖಾಲಿ ಇವೆ. ಸ್ಮಶಾನದ ದಾಖಲೆಯಲ್ಲಿ ಅಪ್ಪನ ಪಕ್ಕದ ಜಾಗ ಅವಳ ಹೆಸರಿಗೆ ಮರಳಿ ಬರೆದುಕೊಂಡ ಪತ್ರವೂ ಅದರೊಳಗಿದೆ. ಅವಳು ಹಿತ್ತಲ ಒಲೆ ಆರಿಸಿ ಒಳಗೆ ಉಣ್ಣತೊಡಗಿದಳು. ಪ್ರತಿ ಶನಿವಾರ ಚರ್ಚಿಗೆ ಹೋಗುತ್ತಾಳೆ. ಸಮಾಧಿ ಗುಡಿಸಲು ಎಂದು ನಾವು ತಿಳಿದಿದ್ದೆವು. ಕೆಲವು ಶನಿವಾರ ತಡವಾಗಿ ಬರುತ್ತಿದ್ದಳು.

ಈ ತಿಂಗಳ ಮೊದಲ ರವಿವಾರ ಅವ್ವ ಆರಾಧನೆ ಮುಗಿಸಿ ಹನ್ನೆರಡೂವರೆಗೆ ಮನೆಗೆ ಬಂದಳು. ಹೆಂಡತಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಅತ್ತೀ, ಸಣ್ಣ ಲೋಟಾ ಇದ್ದೂವೇನ್ರಿ?"

"ಇದ್ದೂ."

"ಎಷ್ಟ್ರಿ?"

"ಎಂಟು."

"ತೊಳದಾವ್ರು ಯಾರ್ರಿ?"

ಅವ್ವ ಚಪ್ಪಲಿ ಬಿಟ್ಟು, ಮೂಲೆಗೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ನಾನಽ."