ಹದಿನೇಳನೇ ನಂಬರು ಅಳಿಸಿದ್ದು ನಾನೇ

ನಿಮಗೂ ಹೀಗಾಗಿದೆಯಾ, ಹೇಳಿ. ಹಳೆಯ ಡಬ್ಬಿಯ ಮೇಲೋ, ಡೈರಿಯ ಮೂಲೆಯಲ್ಲೋ ನೀವೇ ಬರೆದ ಒಂದು ನಂಬರು ಸಿಗುತ್ತದೆ. ಅಕ್ಷರ ನಿಮ್ಮದೇ. ಆದರೆ ಅದು ಯಾವುದರ ನಂಬರು, ಯಾಕೆ ಬರೆದಿರಿ ಎಂದು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ನನಗೆ ಹೋದ ಭಾನುವಾರ ಆಯಿತು. ಅವತ್ತಿನಿಂದ ಸರಿಯಾಗಿ ಊಟ ಸೇರಿಲ್ಲ.

ಮೂಡಲಗಿಯಲ್ಲಿ ನಮ್ಮ ಬಾಜೂ ಮನೆಯವರು ಎಲ್ಲಿಂದಲೋ ಒಂದು ಹಳೆಯ ನೀರೆತ್ತುವ ಮೋಟಾರು ಕೊಂಡು ತಂದಿದ್ದರು. ಅಂಗಳದಲ್ಲಿ ಮುಚ್ಚಳ ಬಿಚ್ಚಿದಾಗ ಗಮ್ಮಂತ ವಾರ್ನಿಷ್ ವಾಸನೆ ಬಂತು. ಸುಟ್ಟ ಬೆಲ್ಲ ಮತ್ತು ಸೀಮೆಎಣ್ಣೆ ಬೆರೆಸಿದಂಥ ವಾಸನೆ. ಕಾಲು ತಾನಾಗಿಯೇ ಆ ಕಡೆ ಹೋಯಿತು. ಮೋಟಾರಿನ ಕಾಲಿಗೆ ತಂತಿಯಿಂದ ಕಟ್ಟಿದ ಒಂದು ತಗಡಿನ ಬಿಲ್ಲೆ ಇತ್ತು. ಸೆರಗಿನಿಂದ ಜಂಗು ಒರೆಸಿದೆ. ಮೊಳೆಯಿಂದ ಕೊರೆದ ಅಂಕಿ: ೩೧. ಕೊರೆದದ್ದು ನಾನೇ. ನನ್ನ ಒಂದರ ತಲೆ ಯಾವಾಗಲೂ ವಾಲುತ್ತದೆ, ಸುಳ್ಳು ಹೇಳುವುದಿಲ್ಲ.

ಆ ಬಿಲ್ಲೆ ಗೋಕಾಕದ ಕಾಕಾನದು...

ಕಾಕಾ ಎಂದರೆ ನನ್ನ ಸಂಬಂಧಿಯಲ್ಲ. ನಾನು ಗೋಕಾಕಕ್ಕೆ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಕಲಿಸಲು ಹೋದಾಗ ಬಾಡಿಗೆಗೆ ಹಿಡಿದ ಖೋಲಿಯ ಕೆಳಗೆ ಅವರ ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಮೋಟಾರಿನ ಒಳಗಿನ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸುವ ಅಂಗಡಿ. ಹುಕ್ಕೇರಿ ತಾಲೂಕಿನ ಹತ್ತರಗಿಯಿಂದ ಬಂದು ಗೋಕಾಕದಲ್ಲಿ ನೆಲೆಯಾದವರು. ಮದುವೆಯಾಗಿರಲಿಲ್ಲ. ಬಾಯಿ ಜೋರು. ಕೈ ಮಾತ್ರ ಹೂವು ಕಟ್ಟುವವರ ಕೈಯಂತೆ ಮೃದುವಾಗಿ ತಂತಿಯ ಮೇಲೆ ಓಡುತ್ತಿತ್ತು. ಸಂಜೆ ಕಾಲೇಜಿನಿಂದ ಬಂದರೆ ನಾನು ಮೇಲೆ ಹತ್ತುತ್ತಲೇ ಇರಲಿಲ್ಲ, ಅವರ ಬಾಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

ಅಂಗಡಿಯ ಒಳಗೋಡೆ ಕಾಕಾನ ಆಸ್ತಿ. ಪ್ರತಿ ಮೋಟಾರು ಸುಟ್ಟ ಬಗೆಯನ್ನು ಅವರು ಆ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆಯುತ್ತಿದ್ದರು. ಕಾಯಿಲ್ ಸುಟ್ಟಿತು, ಯಾಕೆಂದರೆ ಬೇರಿಂಗ್ ಹಿಡಿಯಿತು, ಯಾಕೆಂದರೆ ಒಳಗೆ ನೀರು ಇಳಿಯಿತು, ಯಾಕೆಂದರೆ ಸೀಲ್ ಹರಿದಿತ್ತು. ಹೀಗೆ ಒಂದರ ಮೇಲೊಂದು, ಮೊದಲ ತಪ್ಪು ಸಿಗುವವರೆಗೆ. ಅದಕ್ಕೊಂದು ನಂಬರು. ಅದೇ ರೀತಿ ಸುಟ್ಟ ಇನ್ನೊಂದು ಮೋಟಾರು ಬಂದರೆ ಮತ್ತೆ ಬರೆಯುವುದಿಲ್ಲ. ಆ ನಂಬರನ್ನೇ ಬಿಲ್ಲೆಯ ಮೇಲೆ ಕೊರೆದು ಮೋಟಾರಿಗೆ ಕಟ್ಟುತ್ತಿದ್ದರು. ಮೋಟಾರು ಮತ್ತೆ ಸುಟ್ಟು ಬಂದಾಗ ಬಿಲ್ಲೆ ನೋಡು, ಗೋಡೆ ನೋಡು, ಹೋದ ಸಲ ಏನಾಗಿತ್ತು ಎಂದು ತಿಳಿ.

"ಇಷ್ಟೆಲ್ಲಾ ಯಾಕ ಬೇಕ್ರಿ ಕಾಕಾ? ಸುಟ್ಟೈತಿ, ಸುತ್ತಿ ಕೊಡ್ರಿ, ಮುಗೀತು," ಎಂದಿದ್ದೆ ಒಮ್ಮೆ.

"ಕಂಪ್ಯೂಟರ್ ಅಕ್ಕಾರ, ಸುಟ್ಟೈತಿ ಅನ್ನೂದು ವಾಸನಿ ಬಂದ್ರ ಗೊತ್ತಾಗತೈತಿ. ಹೆಂಗ ಸುಡ್ತು ಅನ್ನೂದು ಗೊತ್ತಿಲ್ಲಂದ್ರ ನಾ ಸುತ್ತಿದ್ದು ಮತ್ತ ಸುಡತೈತಿ. ಬೈಸ್ಕೊಳ್ಳಾವ ಯಾರು, ನಿಮ್ಮಪ್ಪ ಏನು?"

ಈಗ ನನ್ನ ಕೆಲಸದ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ಈ ಕಥೆ ಈಗ ಯಾಕೆ ಹೇಳುತ್ತಿದ್ದೇನೆ ಎಂದು ತಿಳಿಯುವುದಿಲ್ಲ. ರಜೆಯ ದಿನ ನಾನು ಆಪರೇಟಿಂಗ್ ಸಿಸ್ಟಂ ಒಂದರ ಕರ್ನೆಲ್‌ಗೆ ತಿದ್ದುಪಡಿ ಕಳಿಸುತ್ತೇನೆ. ಕರ್ನೆಲ್ ಎಂದರೆ ಕಂಪ್ಯೂಟರಿನ ತಳದಲ್ಲಿ ಕೂತು ಎಲ್ಲವನ್ನೂ ನಡೆಸುವ ಪ್ರೋಗ್ರಾಮು. ಸಂಬಳವಿಲ್ಲ, ಹಟ ಮಾತ್ರ. ಅಲ್ಲಿ ಏನಾದರೂ ಎಡವಟ್ಟಾದರೆ ಯಾವ ತುಣುಕು ಯಾವುದನ್ನು ಕರೆದು, ಅದು ಮತ್ಯಾವುದನ್ನು ಕರೆದು ಇಲ್ಲಿಗೆ ಬಂತು ಎಂಬ ಜಾಡು ಬೇಕು. ಅದಕ್ಕೆ ಸ್ಟ್ಯಾಕ್ ಟ್ರೇಸ್ ಅನ್ನುತ್ತಾರೆ. ಒಂದೇ ಜಾಡು ಲಕ್ಷ ಸಲ ಬರಬಹುದು. ಲಕ್ಷ ಸಲ ಬರೆದಿಡಲು ಜಾಗವಿಲ್ಲ. ಅದಕ್ಕೆಂದೇ ಕರ್ನೆಲ್‌ನಲ್ಲಿ ಒಂದು ಉಗ್ರಾಣವಿದೆ. ಜಾಡನ್ನು ಒಂದೇ ಸಲ ಬರೆದಿಟ್ಟು, ಬೇಕಾದವರಿಗೆಲ್ಲ ಅದರ ನಂಬರನ್ನಷ್ಟೇ ಕೊಡುತ್ತದೆ. ಆ ಕೋಡನ್ನು ಮೊದಲ ಸಲ ಓದಿದಾಗ ನಾನು ಒಬ್ಬಳೇ ಕೂತು ನಕ್ಕಿದ್ದೆ. ಕಾಕಾನ ಗೋಡೆ!

ಆಮೇಲೆ ಅದರ ಕಾಮೆಂಟು ಓದಿದೆ. ಕಾಮೆಂಟು ಎಂದರೆ ಕೋಡಿನ ನಡುವೆ ಮನುಷ್ಯರಿಗಾಗಿ ಬರೆದ ಟಿಪ್ಪಣಿ, ಯಂತ್ರ ಅದನ್ನು ಓದುವುದಿಲ್ಲ. ಓದಿ ನನ್ನ ನಗು ನಿಂತಿತು. ಯಾಕೆಂದರೆ ಅಂಥದ್ದೇ ಅರೆಬರೆ ಮಾತು ನಂಬಿ ನಾನು ಒಮ್ಮೆ ಒಬ್ಬ ಹೆಂಗಸಿನ ಮೋಟಾರು ಸುಟ್ಟಿದ್ದೆ.

ಆದದ್ದು ಹೀಗೆ. ಗೋಡೆ ತುಂಬಿತ್ತು. ಕಾಕಾನ ಎರಡೂ ಕಣ್ಣಿಗೆ ಪೊರೆ ಬಂದು, ಬರೆಯುವುದು, ಓದುವುದು ನನ್ನ ಪಾಲಿಗೆ ಬಂದಿತ್ತು. ಅವರು ಎರಡು ದಿನ ಹತ್ತರಗಿಗೆ ಹೊರಟಾಗ, "ತಂಗಿ, ಬ್ಯಾಡಾದದ್ದು ಅಳಿಸಿ ಒಂದೀಟ ಜಾಗಾ ಮಾಡಿಡು," ಎಂದರು. ಅಷ್ಟೇ ಹೇಳಿದ್ದು. ಹದಿನೇಳನೇ ನಂಬರು ಅಂಕಲಗಿಯ ಒಬ್ಬರ ಮೋಟಾರಿಗಾಗಿ ಬರೆದದ್ದೆಂದು ನನಗೆ ಗೊತ್ತಿತ್ತು. ಆ ಮೋಟಾರು ಗುಜರಿಗೆ ಹೋದದ್ದೂ ಗೊತ್ತಿತ್ತು. ಇನ್ನೇಕೆ ಬೇಕು? ಕೆರೆದು ಹಾಕಿದೆ. ಅದೇ ಜಾಗದಲ್ಲಿ, ಅದೇ ನಂಬರಿಗೆ, ಹೊಸದಾಗಿ ಬಂದ ಮೋಟಾರಿನ ಕಥೆ ಬರೆದೆ: ಕಾಯಿಲ್ ಸುಟ್ಟಿತು, ಯಾಕೆಂದರೆ ನೀರಿಲ್ಲದೆ ಓಡಿತು, ಯಾಕೆಂದರೆ ಬಾವಿಯಲ್ಲಿ ನೀರು ಇಳಿದಿತ್ತು. ಗೋಡೆ ಚೊಕ್ಕವಾಯಿತೆಂದು ಹೆಮ್ಮೆಯೋ ಹೆಮ್ಮೆ.

ತಿಂಗಳೊಪ್ಪತ್ತು ಕಳೆದಿರಬೇಕು. ಮಮದಾಪುರದ ಒಬ್ಬ ಅಕ್ಕ ಟಂಟಂ ಆಟೋದಲ್ಲಿ ಮೋಟಾರು ಹೇರಿಕೊಂಡು ಬಂದಳು. ಆಗಷ್ಟೇ ಮೆಣಸಿನ ಸಸಿ ನಾಟಿ ಮಾಡಿದ್ದಳಂತೆ, ನಾಲ್ಕು ದಿನ ನೀರು ತಪ್ಪಿದರೆ ಸಸಿ ಹೋದಂತೆಯೇ. ಹಿಂದೊಮ್ಮೆ ಇದೇ ಮೋಟಾರನ್ನು ಅವಳ ಮೈದುನ ತಂದಿದ್ದ. ಬಿಲ್ಲೆಯ ಮೇಲೆ ಹದಿನೇಳು ಇತ್ತು.

"ಹದಿನೇಳು ಓದವಾ," ಎಂದರು ಕಾಕಾ. ನಾನು ಗಟ್ಟಿಯಾಗಿ ಓದಿದೆ. ನಾನೇ ಬರೆದದ್ದು, ನಾನೇ ಓದಿದ್ದು. ಆಗಲೂ ಏನೂ ಹೊಳೆಯಲಿಲ್ಲ.

ಕಾಕಾ ಅವಳ ಕಡೆ ತಿರುಗಿದರು. "ಹೋದ ಸಲಾನೂ ನೀರಿಲ್ಲದ ಓಡಿಸಿ ಸುಟ್ಟಿರಿ. ಈಗೂ ಅದ. ಪೈಪ್ ಕೆಳಗ ಇಳಸ್ರಿ ಅಂತ ಹೇಳಿರಬೇಕಲ್ಲ ನಾ?"

"ನಮ್ಮ ಬಾವ್ಯಾಗ ನೀರ ಇಲ್ಲಂದ್ರ ನಾ ಏನ್ ಮಜ್ಜಿಗಿ ಎತ್ತಾಕತ್ತಿದ್ನೇನ್ರಿ ಕಾಕಾ? ಬಂದ ನೋಡ್ರಿ, ತುಂಬಿ ನಿಂತೈತಿ!"

ಬಾಕಿನ ಮೇಲಿದ್ದ ಗಿರಾಕಿಗಳು ಕಿಸಕ್ಕೆಂದರು. ಒಬ್ಬ, "ಗ್ವಾಡಿ ಸುಳ್ಳ ಹೇಳತೈತೇನವಾ ಅಕ್ಕಾ?" ಎಂದ. ಅವಳ ಮುಖ ಕೆಂಪಾಯಿತು. ಅಷ್ಟು ಜನರ ಮುಂದೆ ಸುಳ್ಳಿಯಾಗಿ ಬಿಟ್ಟಿದ್ದಳು. ಮರುದಿನ ಸುತ್ತಿದ ಮೋಟಾರು ಒಯ್ದು, ಆಳು ಹಚ್ಚಿ ಪೈಪು ಬಾವಿಯ ತಳಕ್ಕೆ ಇಳಿಸಿದಳು. ಎಂಟನೇ ದಿನಕ್ಕೆ ಮತ್ತೆ ಸುಟ್ಟಿತು.

ಮತ್ತೆ ಬಂದಾಗ ಜಗಳವಾಡಲಿಲ್ಲ. ಮೋಟಾರು ಇಳಿಸಿ ಬಾಗಿಲ ಬದಿಗೆ ಕುಂತಳು. "ಅರ್ಧಾ ಸಸಿ ಬಾಡ್ಯಾವ್ರಿ," ಎಂದಳು. ಆ ಮಾತು ಕಾಕಾನಿಗೆ ಚುಚ್ಚಿತು. ಗಿರಾಕಿಗಳನ್ನೆಲ್ಲ ನಿಲ್ಲಿಸಿ ತಾವೇ ನೆಲದ ಮೇಲೆ ಕೂತು ಮೋಟಾರಿನೊಳಗೆ ಕೈ ಹಾಕಿ ಕಾಯಿಲ್‌ಗಳ ಮೇಲೆ ಬೆರಳು ಆಡಿಸಿದರು.

"ಎರಡು ಫೇಸಿನ ಕಾಯಿಲ್ ಕರಕಾಗ್ಯಾವು. ಮೂರನೇದ್ದು ಹಸನ ಐತಿ. ನೀರಿಲ್ಲದ ಓಡಿದ್ರ ಹಿಂಗ ಸುಡೂದಿಲ್ಲ. ಲೈನಿನ್ಯಾಗ ಒಂದು ಫೇಸ್ ಹೋಗೈತಿ, ಸ್ಟಾರ್ಟರ್ ಬಂದ್ ಆಗಿಲ್ಲ." ಎದ್ದು ಗೋಡೆಗೆ ಹೋದರು. ಹದಿನೇಳರ ಜಾಗವನ್ನು ತಡವಿದರು. ಅವರ ಅಕ್ಷರ ದಪ್ಪ ಬಣ್ಣದ್ದು, ಕೈಗೆ ಉಬ್ಬಾಗಿ ಸಿಗುತ್ತಿತ್ತು. ನನ್ನದು ತೆಳು. "ಇದು ನನ್ನ ಕೈ ಅಲ್ಲ. ತಂಗಿ... ಹಳೇದು ಅಳಿಸಿದಿ ಏನು?"

"ಅಂಕಲಗಿ ಮೋಟಾರು ಗುಜರಿಗೆ ಹೋಗಿತ್ತಲ್ರಿ..." ಎಂದೆ.

"ಅಂಕಲಗೀದು ಹೋತು. ಮಮದಾಪುರದ್ದು ಅದ ನಂಬರ್ ಹಿಡಕೊಂಡ ಕುಂತಿತ್ತಲ್ಲ?"

ಬೈಯುತ್ತಾರೆಂದು ಕಾದೆ. ಅವರು ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ. "ತಪ್ಪ ನಂದು. ಒಂದು ನಂಬರ್ ನಾಕ ಮಂದಿ ಹಿಡದಿರತಾರ ಅನ್ನೂದು ನನ್ನ ತಲ್ಯಾಗ ಇತ್ತು. ಗ್ವಾಡಿ ಮ್ಯಾಲೆ ಎಲ್ಲಿ ಬರದಿದ್ದೆ? ನನ್ನ ತಲಿ ಓದಾಕ ನಿನಗ ಬರತೈತೇನು?"

ಮರುದಿನ ಹೊಸದಾಗಿ ಸುತ್ತಿದ ಮೋಟಾರಿನೊಂದಿಗೆ ನನ್ನನ್ನೂ ಟಂಟಂನಲ್ಲಿ ಕೂರಿಸಿಕೊಂಡು ಮಮದಾಪುರಕ್ಕೆ ಹೋದರು. ಸ್ಟಾರ್ಟರ್ ಪೆಟ್ಟಿಗೆ ತೆರೆದರೆ ಗುಂಡಿಯ ಸಂದಿಯಲ್ಲಿ ಬೆರಳುದ್ದದ ಜಾಲಿ ಕಟ್ಟಿಗೆ! ಕರೆಂಟು ಹೋಗಿ ಬಂದಾಗ ಹೊಲಕ್ಕೆ ಓಡಿಬಂದು ಗುಂಡಿ ಒತ್ತುವುದು ಯಾರಿಗೆ ಬೇಕು ಎಂದು ನಮ್ಮ ಕಡೆ ಹೀಗೆ ಕಟ್ಟಿಗೆ ಸಿಗಿಸುತ್ತಾರೆ. ಆಗ ಮೋಟಾರು ತಾನೇ ಶುರುವಾಗುತ್ತದೆ, ಸರಿ. ಆದರೆ ಮೂರು ಲೈನಿನ ಕರೆಂಟಿನಲ್ಲಿ ಒಂದು ಫೇಸು ಹೋದಾಗ ನಿಲ್ಲಬೇಕಾದದ್ದು ನಿಲ್ಲುವುದೂ ಇಲ್ಲ. ನಾನು ಕೆರೆದು ಹಾಕಿದ ಹದಿನೇಳರ ಕೊನೆಯ ಸಾಲು ಅದೇ ಆಗಿತ್ತು: ಕಟ್ಟಿಗೆ ಸಿಗಿಸಿದ್ದರು. ಮೈದುನನಿಗೆ ಕಾಕಾ ಆಗಲೇ ಹೇಳಿ ಕಳಿಸಿದ್ದರು. ಅವನು ಮನೆಯಲ್ಲಿ ಹೇಳಿರಲಿಲ್ಲ, ಮತ್ತೆ ಸಿಗಿಸಿದ್ದ.

ಅಕ್ಕ ಆ ಕಟ್ಟಿಗೆ ಕಿತ್ತು ನನ್ನ ಕೈಗಿಟ್ಟಳು. "ತಗೋರಿ ಅಕ್ಕಾರ, ಇದನ್ನ ಗ್ವಾಡಿಗೆ ಬಡೀರಿ. ಇದನ್ನಾದ್ರೂ ಅಳಿಸಾಕ ಬರೂದಿಲ್ಲ."

ಅಂಗಡಿಗೆ ಮರಳಿದ ಮೇಲೆ ಕಾಕಾ ಬಾಕಿನವರೆಲ್ಲರ ಮುಂದೆ, "ಮಮದಾಪುರದ ಅಕ್ಕಾ ಖರೇನ ಹೇಳಿದ್ಲು, ಗ್ವಾಡಿ ಸುಳ್ಳ ಹೇಳಿತ್ತು," ಎಂದು ಮೂರು ಸಲ ಹೇಳಿದರು. ಅವತ್ತೇ ಹೊಸ ಪದ್ಧತಿ ಶುರು. ಒಂದು ನಂಬರನ್ನು ಒಂದು ಮೋಟಾರಿಗೆ ಕೊಟ್ಟರೆ ಅದರ ಪಕ್ಕ ಒಂದು ಗೆರೆ. ಮೋಟಾರು ಗುಜರಿಗೆ ಹೋದರೆ ಆ ಗೆರೆಗೆ ಅಡ್ಡ ಗೆರೆ. ಎಲ್ಲ ಗೆರೆಗೂ ಅಡ್ಡ ಬಿದ್ದ ಮೇಲೆಯೇ ಅಳಿಸಬೇಕು. ಇದನ್ನು ಗೋಡೆಯ ನೆತ್ತಿಯ ಮೇಲೆ ಬರೆಯಲು ನನಗೆ ಹೇಳಿದರು. ನಾನು ಬರೆದೆ: "ಗೆರೆ ಉಳಿಯದ ನಂಬರು ಅಳಿಸಬಹುದು."

ಓದಿಸಿಕೊಂಡು, "ಒರಸು," ಎಂದರು. "ಹಳೇ ನಂಬರ್‌ಗೆ ನಾವು ಗೆರಿ ಹಾಕೇ ಇಲ್ಲ. ಎಷ್ಟ ಮಂದಿ ಹಿಡದಾರೋ ದೇವರಿಗೂ ಗೊತ್ತಿಲ್ಲ. ನಾಳೆ ನಿನ್ನಂಥಾಕಿ ಒಬ್ಬಾಕಿ ಬಂದು, ಗೆರಿ ಇಲ್ಲ ಅಂತ ಎಲ್ಲಾ ಕೆರದ ಒಗೀತಾಳ. ಗೆರಿ ಮುಗದದ್ದು ಬ್ಯಾರೆ, ಗೆರಿ ಹಾಕದ ಬಿಟ್ಟದ್ದು ಬ್ಯಾರೆ."

ಮೂರು ಸಲ ಒರೆಸಿ ಬರೆಸಿದರು. ಕೊನೆಗೆ ನಿಂತದ್ದು: "ಗೆರೆ ಎಳೆದು ಕೊಟ್ಟ ನಂಬರನ್ನು ಎಲ್ಲ ಗೆರೆಗೂ ಅಡ್ಡ ಬಿದ್ದ ಮೇಲೆ ಅಳಿಸಬಹುದು. ಗೆರೆ ಇಲ್ಲದೆ ಕೊಟ್ಟ ಹಳೆಯ ನಂಬರನ್ನು ಎಂದೂ ಮುಟ್ಟಬೇಡಿ."

ಕರ್ನೆಲ್‌ನ ಆ ಉಗ್ರಾಣದಲ್ಲೂ ಎರಡು ಬಗೆ ಇವೆ, ಕೇಳಿ. ಕೆಲವರು ಲೆಕ್ಕ ಇಡಿಸಿ ನಂಬರು ಪಡೆಯುತ್ತಾರೆ, ಅಂಥವರು ವಾಪಸು ಕೊಡಬಹುದು. ಕೆಲವರು ಲೆಕ್ಕವಿಲ್ಲದೆ ಪಡೆಯುತ್ತಾರೆ, ಆ ಜಾಡು ಶಾಶ್ವತವಾಗಿ ಇರಬೇಕು. ಟಿಪ್ಪಣಿಯಲ್ಲಿ ಎರಡೂ ಕಲಸಿಹೋಗಿ, ಬೇಡವಾದಾಗ ವಾಪಸು ಕೊಡಿ ಎಂಬಷ್ಟೇ ಅರ್ಥ ಬರುತ್ತಿತ್ತು. ಬೇಡವಾದದ್ದು ಅಳಿಸು! ನಾನು ತಿದ್ದಿ ಕಳಿಸಿದೆ. ಕೋಡು ಓದಿದವರಿಗೆ ಗೊತ್ತಾಗುತ್ತದೆ, ಟಿಪ್ಪಣಿ ಯಾಕೆ ಎಂದು ಕರ್ನೆಲ್ ನೋಡಿಕೊಳ್ಳುವವರಲ್ಲಿ ಒಬ್ಬರು ಉತ್ತರ ಬರೆದರು. ಮತ್ತೆ ಕಳಿಸಿದೆ. ಉದ್ದವಾಯಿತು ಎಂದರು. ಚಿಕ್ಕದು ಮಾಡಿ ಕಳಿಸಿದೆ. ಒಂದು ಪದ ಅಸ್ಪಷ್ಟ ಎಂದರು. ಅವರು ಹೇಳಿದ್ದು ಸರಿಯಿತ್ತು, ಅದನ್ನೂ ತಿದ್ದಿದೆ. ಗಂಡ ನಕ್ಕ: "ಓಡೂ ಕೋಡ್ ಒಂದ ಅಕ್ಷರಾನೂ ಬದಲಿಸಿಲ್ಲ, ನಾಕ ಸಾಲಿಗೆ ಇಷ್ಟ ಕುಸ್ತಿ ಏನ ನಿಂದು?" ಮಮದಾಪುರದ ಜಾಲಿ ಕಟ್ಟಿಗೆ ಇನ್ನೂ ನನ್ನ ಮೇಜಿನ ಮೇಲಿದೆ. ತೋರಿಸಿದೆ. ನಾಲ್ಕನೇ ಸಲಕ್ಕೆ ಒಪ್ಪಿದರು. ಹೋದ ವಾರ ಆ ನಾಲ್ಕು ಸಾಲು ಕರ್ನೆಲ್ ಸೇರಿದವು.

ಇದನ್ನು ಹೇಳೋಣವೆಂದರೆ ಕಾಕಾ ಇಲ್ಲ. ಕೊನೆಯ ದಿನಗಳಲ್ಲಿ ಹತ್ತರಗಿಯಲ್ಲಿ ತಂಗಿಯ ಮನೆಯಲ್ಲಿದ್ದರು. ನೋಡಲು ಹೋದಾಗ ನನ್ನ ಕೈ ತಡವಿ ಕೇಳಿದ್ದು ಒಂದೇ. "ಗ್ವಾಡಿ ಐತೇನ ತಂಗಿ?"

"ಐತ್ರಿ ಕಾಕಾ," ಎಂದೆ. ನಾನಾಗಲೇ ಮೂಡಲಗಿಗೆ ಬಂದು ಎರಡು ವರ್ಷವಾಗಿತ್ತು. ಗೋಡೆಯನ್ನು ನೋಡಿರಲೇ ಇಲ್ಲ, ನೋಡದೆ ಹೇಳಿದೆ... ಅವರು ಹೋದ ಮೇಲೆ ಗೋಕಾಕಕ್ಕೆ ಹೋದೆ. ಅಲ್ಲಿ ಮೊಬೈಲ್ ಅಂಗಡಿಯಾಗಿತ್ತು. ಗೋಡೆಗೆ ನೆಲದಿಂದ ಸೂರಿನವರೆಗೆ ಬಿಳಿ ಟೈಲ್ಸು. ಅವರನ್ನು ಬೈಯಲಾರೆ. ಅಳಿಸಬೇಡಿ ಎಂದು ಗೋಡೆಯ ಮೇಲೆ ಬರೆದಿದ್ದೆವು, ಗೋಡೆಯನ್ನೇ ಮುಚ್ಚಬೇಡಿ ಎಂದು ಮನೆ ಮಾಲೀಕರಿಗೆ ಹೇಳುವವರು ಯಾರಿದ್ದರು? ನಾನಿದ್ದೆ. ಹೇಳಲಿಲ್ಲ. ನಕಲೂ ಮಾಡಿಕೊಂಡಿರಲಿಲ್ಲ.

ಮೂವತ್ತೊಂದು ಏನೆಂದು ನನಗೆ ಗೊತ್ತಿಲ್ಲ. ಬಾಜೂ ಮನೆಯವರು ಕೇಳಿದಾಗಲೂ ಅದನ್ನೇ ಹೇಳಿದೆ. ಆದರೆ ಕೈ ಕಟ್ಟಿ ಕೂರುವುದಿಲ್ಲ. ಒಂದು ಹೊಸ ವಹಿ ತಂದಿದ್ದೇನೆ. ಮೊದಲ ಪುಟದಲ್ಲಿ ಆ ಎರಡು ಸಾಲಿನ ನಿಯಮ, ಎರಡನೇ ಪುಟದಲ್ಲಿ ಹದಿನೇಳು. ನೆನಪಾದ ಇನ್ನೂ ಆರು ಬರೆದಿದ್ದೇನೆ.

ಉಳಿದದ್ದು ನಿಮ್ಮಿಂದ ಬೇಕು. ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆ ನಿಮ್ಮ ಬಾವಿಯ ಮೋಟಾರಿಗೆ ಜಂಗು ಹಿಡಿದ ತಗಡಿನ ಬಿಲ್ಲೆ ಇದ್ದರೆ ಒರೆಸಿ ನೋಡಿ. ನಂಬರು ನನಗೆ ಬರೆದು ತಿಳಿಸಿ. ಕಾಕಾ ಆಗ ಬೈದು ಏನು ಹೇಳಿದ್ದರು ಎಂದು ನಿಮ್ಮಪ್ಪನನ್ನೋ ಅವ್ವನನ್ನೋ ಕೇಳಿ, ಅದನ್ನೂ ಬರೆಯಿರಿ. ಬಿಲ್ಲೆ ಇಲ್ಲದವರು, ನಿಮ್ಮ ಕೆಲಸದಲ್ಲಿ ಒಬ್ಬರ ತಲೆಯಲ್ಲೇ ಉಳಿದು ಅವರೊಂದಿಗೇ ಹೋದ ಮಾತು ಯಾವುದೆಂದು ಹೇಳಿ. ಎಲ್ಲವನ್ನೂ ಓದುತ್ತೇನೆ. ಮೂವತ್ತೊಂದರ ಪುಟ ಖಾಲಿ ಬಿಟ್ಟಿದ್ದೇನೆ.