ಅವಳು ಅರ್ಧ ಓದಿಟ್ಟ ಕಾದಂಬರಿ

ನನ್ನ ಹೆಂಡತಿ ತೀರಿಕೊಂಡ ಮೇಲೆ, ಅವಳು ಬಾಡಿಗೆಗೆ ತಂದಿದ್ದ ಕಾದಂಬರಿಯೊಂದು ದಿಂಬಿನ ಪಕ್ಕ ಉಳಿದಿತ್ತು. ಗಣಿ ಕೆಲಸಕ್ಕೆ ರಜೆ ಇದ್ದ ದಿನ ಉರಿಗಾಂನಲ್ಲಿ ರೈಲು ಹತ್ತಿ, ಅದನ್ನು ವಾಪಸು ಕೊಡಲು ಬಂಗಾರಪೇಟೆಗೆ ಹೋದೆ. ನಾನು ಮಾತು ಕಮ್ಮಿ ಆಡುವವನು. ನನಗಿದ್ದ ಪ್ರೀತಿ ಅವಳಿಗೆ ಗೊತ್ತಿತ್ತೋ ಇಲ್ಲವೋ ಅನ್ನುವುದೇ ದಾರಿಯುದ್ದಕ್ಕೂ ಕೊರೆಯುತ್ತಿತ್ತು.

ಪುಸ್ತಕದಂಗಡಿಯಲ್ಲಿ ಪುಸ್ತಕ ಆರಿಸುತ್ತ ನಿಂತಿದ್ದ ಹೆಂಗಸೊಬ್ಬಳು ನನ್ನ ಕೈಯಲ್ಲಿದ್ದ ಕಾದಂಬರಿ ನೋಡಿ, "ಇದು ಉರಿಗಾಂ ಅಕ್ಕ ತಗೊಂಡೋಗಿದ್ದಲ್ವಾ? ಎಲ್ಲಿ ಅಕ್ಕ?" ಅಂದಳು.

ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಕ್ಕ 'ಇದು ಚೆನ್ನಾಗದೆ' ಅನ್ನದೆ ನಾವ್ಯಾರೂ ಇಲ್ಲಿ ಪುಸ್ತಕ ಮುಟ್ತಿರಲಿಲ್ಲ ಕಣಣ್ಣ. ದೊಡ್ಡ ಮನುಷ್ಯರ ಆತ್ಮಕಥೆ ಎತ್ಕೊಂಡ್ರೆ, 'ಅದ್ರಾಗೆ ಎಂಡ್ತಿ ಒಂದೇ ಪುಟಕ್ಕೆ ಬಂದು ಓಗ್ತಾಳೆ, ಇಡು ಅಲ್ಲೇ' ಅನ್ನೋರು."

ನನ್ನ ಹೆಂಡತಿಯೇ? ಮನೆಯಲ್ಲಿ ಅವಳೂ ನನ್ನ ಹಾಗೆ ಸುಮ್ಮನೇ ಇರುತ್ತಿದ್ದಳು.

"ಪ್ರೀತಿ, ಕೊಲೆ ಇರೋ ಕಾದಂಬರಿ ಆದ್ರೆ ಕೊಲೆಗಾರ ಯಾರಂತ ಮೊದ್ಲೇ ಏಳ್ಬಿಡೋರು. 'ಪ್ರೀತಿ ಪ್ರೀತಿ ಅಂತ ಬಾಯಿ ಬಡ್ಕೊಳ್ಳೋನೇ ಕಣೇ ಕೊಲೆಗಾರ. ನಿಜವಾಗ್ಲೂ ಪ್ರೀತಿ ಇರೋನು ಬಾಯೇ ಬಿಡಲ್ಲ, ನಮ್ಮನೆಯೋರ್ನ ನೋಡಿದೀನಲ್ಲ' ಅನ್ನೋರು."

ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಆಮೇಲೆ ಕಾದಂಬರಿ ಕೊಡದೆ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಈಗ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೇನೆ. ಅವಳು ಮೂಲೆ ಮಡಚಿಟ್ಟ ಪುಟ ಇನ್ನೂ ದೂರ ಇದೆ. ಇದರಲ್ಲೂ ಒಂದು ಕೊಲೆ ಆಗಿದೆ. ನಾಯಕ ಬಲೇ ಮಾತಾಡುತ್ತಾನೆ. ನನಗೆ ಅವನ ಮೇಲೇ ಅನುಮಾನ.